ಆಡ್ ಬ್ಲಾಕರ್ ಆಫ್ ಮಾಡುವುದು: ಒಂದು ಸೈಟಿಗೆ ಮಾತ್ರ, ಸರಿಯಾದ ಜಾಗದಲ್ಲಿ

ಶಿರಾಡಿಯಲ್ಲಿ ಗುಡ್ಡ ಜರಿದಿದೆಯೇ, ಚಾರ್ಮಾಡಿಯಲ್ಲಿ ವಾಹನ ಬಿಡುತ್ತಿದ್ದಾರೆಯೇ, ಆಲೂರು–ಸಕಲೇಶಪುರ ಕಡೆ ಕಾಡಾನೆ ಹಿಂಡು ಈಗ ಯಾವ ತೋಟದಲ್ಲಿದೆ, ರೋಬಸ್ಟಾ ಚೆರ್ರಿ 50 ಕೆ.ಜಿ. ಮೂಟೆಗೆ ಇವತ್ತು ಎಷ್ಟು? ಹಾಸನ, ಚಿಕ್ಕಮಗಳೂರಿನವರು ಇದನ್ನೆಲ್ಲ ಎಷ್ಟೋ ಸಲ ನೋಡುವುದು ಒಬ್ಬಿಬ್ಬರು ಸೇರಿ ನಡೆಸುವ ಊರಿನ ಸುದ್ದಿ ಸೈಟುಗಳಲ್ಲಿ. ಅಲ್ಲಿ 'ದಯವಿಟ್ಟು ಆಡ್ ಬ್ಲಾಕರ್ ಆಫ್ ಮಾಡಿ' ಎಂಬ ಸೂಚನೆ ಅಡ್ಡ ಬಂದರೆ ಕೆಲವರು ಪುಟ ಮುಚ್ಚಿ ಹೋಗುತ್ತಾರೆ, ಕೆಲವರು ಜಾಹೀರಾತು ತಡೆಯುವ ಆ ಬ್ಲಾಕರನ್ನೇ ಅನ್‌ಇನ್‌ಸ್ಟಾಲ್ ಮಾಡುತ್ತಾರೆ. ಎರಡೂ ಬೇಡ. ಉಣುಗೋಲು ಸರಿಸಿದರೆ ದಾರಿ ಸಿಗುವಾಗ ಬೇಲಿ ಕೀಳುವ ಅಗತ್ಯವಿಲ್ಲ. ಬ್ರೌಸರಿನೊಳಗೆ ಕೆಲಸ ಮಾಡುವ ಎಲ್ಲ ಒಳ್ಳೆಯ ಬ್ಲಾಕರ್‌ಗಳಲ್ಲೂ ಒಂದೇ ಸೈಟಿಗೆ ಆಫ್ ಮಾಡುವ ದಾರಿ ಇದೆ.

ಬ್ಲಾಕರ್ ಕೆಲಸ ಮಾಡುವ ಬಗೆ ಗೊತ್ತಿದ್ದರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ. ಅದರ ಬಳಿ ಜಾಹೀರಾತು ಸರ್ವರ್‌ಗಳ ವಿಳಾಸ ಮತ್ತು ವಿಳಾಸದ ಮಾದರಿಗಳ ಪಟ್ಟಿ ಇರುತ್ತದೆ. 2005ರಲ್ಲಿ ಶುರುವಾದ ಈಸಿಲಿಸ್ಟ್ ಇವುಗಳಲ್ಲಿ ತುಂಬ ಬಳಕೆಯಲ್ಲಿರುವ ಪಟ್ಟಿ. ಪುಟ ಲೋಡ್ ಆಗುವಾಗ ಪಟ್ಟಿಯಲ್ಲಿರುವ ವಿಳಾಸಕ್ಕೆ ಬ್ರೌಸರ್ ಬೇಡಿಕೆ ಕಳಿಸಲು ಹೊರಟರೆ ಬ್ಲಾಕರ್ ಅಲ್ಲೇ ತಡೆಯುತ್ತದೆ. ತಡೆಯುವುದು ಲೋಡ್ ಆಗುವ ಹೊತ್ತಿನಲ್ಲಿ. ಆದ್ದರಿಂದ ಬ್ಲಾಕರ್ ಆಫ್ ಮಾಡಿದ ಮೇಲೆ ಪುಟವನ್ನು ರೀಲೋಡ್ ಮಾಡದಿದ್ದರೆ ಏನೂ ಬದಲಾಗುವುದಿಲ್ಲ. 'ಆಫ್ ಮಾಡಿದರೂ ಅದೇ ಮೆಸೇಜ್ ಬರುತ್ತಿದೆ' ಎಂಬ ದೂರಿಗೆ ಮೊದಲು ನೋಡಬೇಕಾದದ್ದು ಇದನ್ನೇ.

ಕಂಪ್ಯೂಟರಿನಲ್ಲಿ ಯುಬ್ಲಾಕ್ ಒರಿಜಿನ್ ಎಂಬ ಬ್ಲಾಕರ್ ಇದ್ದರೆ ಬ್ರೌಸರಿನ ಮೇಲ್ಭಾಗದಲ್ಲಿ ಕಡುಗೆಂಪು ಗುರಾಣಿಯ ಚಿಹ್ನೆ ಇರುತ್ತದೆ. ಕಾಣದಿದ್ದರೆ ಪಜಲ್ ತುಂಡಿನ ಆಕಾರದ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್) ಬಟನ್ ಒತ್ತಿ, ಅದರೊಳಗಿರುತ್ತದೆ. ಗುರಾಣಿ ಒತ್ತಿದರೆ ದೊಡ್ಡ ಪವರ್ ಬಟನ್ ಬರುತ್ತದೆ. ಅದನ್ನು ಒಂದು ಸಲ ಕ್ಲಿಕ್ ಮಾಡಿದರೆ ಆ ಸೈಟಿಗೆ ಮಾತ್ರ ಬ್ಲಾಕರ್ ನಿಲ್ಲುತ್ತದೆ, ಗುರಾಣಿ ಬೂದು ಬಣ್ಣಕ್ಕೆ ತಿರುಗುತ್ತದೆ. ಕಂಟ್ರೋಲ್ ಕೀ ಹಿಡಿದು ಕ್ಲಿಕ್ ಮಾಡಿದರೆ ಸೈಟಿಗಲ್ಲ, ಆ ಒಂದು ಪುಟಕ್ಕೆ ಮಾತ್ರ. ಆಮೇಲೆ ಅಲ್ಲೇ ಕಾಣುವ ರಿಫ್ರೆಶ್ ಗುರುತು ಒತ್ತಬೇಕು. ಹೀಗೆ ಬಿಟ್ಟ ಸೈಟುಗಳೆಲ್ಲ ಡ್ಯಾಶ್‌ಬೋರ್ಡ್ ಎಂಬ ಸೆಟ್ಟಿಂಗ್ ಪುಟದ 'ಟ್ರಸ್ಟೆಡ್ ಸೈಟ್ಸ್' ಪಟ್ಟಿಗೆ ಸೇರುತ್ತವೆ. ಮತ್ತೆ ತಡೆಯಬೇಕೆನಿಸಿದರೆ ಆ ಸಾಲು ಅಳಿಸಿ 'ಅಪ್ಲೈ ಚೇಂಜಸ್' ಒತ್ತಿ. ಸೈಬರ್ ಸೆಂಟರ್, ಜೆರಾಕ್ಸ್ ಅಂಗಡಿಗಳ ಕಂಪ್ಯೂಟರಿನಲ್ಲಿ ಈ ಪಟ್ಟಿಯನ್ನು ಆಗಾಗ ನೋಡಲೇಬೇಕು. ಬಂದುಹೋದ ಗಿರಾಕಿಗಳು ಏನೇನು ಬಿಟ್ಟುಹೋಗಿರುತ್ತಾರೆ ಎಂಬುದು ಅಲ್ಲೇ ತಿಳಿಯುತ್ತದೆ.

ಕ್ರೋಮ್ 2024ರಿಂದ ಹಂತಹಂತವಾಗಿ ಹಳೆಯ ಮಾದರಿಯ ಎಕ್ಸ್‌ಟೆನ್ಶನ್‌ಗಳನ್ನು ನಿಲ್ಲಿಸಿದ್ದರಿಂದ ಅಲ್ಲಿ ಈಗ ಸಿಗುವುದು ಯುಬ್ಲಾಕ್ ಒರಿಜಿನ್ ಲೈಟ್. ಇದರಲ್ಲಿ ಪವರ್ ಬಟನ್ ಬದಲು ಎಳೆಯುವ ಪಟ್ಟಿ ಇದೆ. ತೀರ ಎಡಕ್ಕೆ, 'ನೋ ಫಿಲ್ಟರಿಂಗ್' ಎಂಬಲ್ಲಿಗೆ ಎಳೆದರೆ ಆ ಸೈಟಿಗೆ ಆಫ್. ಆಡ್‌ಬ್ಲಾಕ್ ಎಂಬ ಹೆಸರಿನದರಲ್ಲಿ 'ಪಾಜ್ ಆನ್ ದಿಸ್ ಸೈಟ್' ಎಂದಿರುತ್ತದೆ, ಒಂದು ಸಲಕ್ಕೋ ಯಾವಾಗಲೂವೋ ಎಂದು ಆರಿಸಬಹುದು. ಆಡ್‌ಬ್ಲಾಕ್ ಪ್ಲಸ್‌ನಲ್ಲಿ 'ದಿಸ್ ವೆಬ್‌ಸೈಟ್' ಎದುರಿನ ಸ್ವಿಚ್. ಬ್ರೇವ್ ಬ್ರೌಸರಿನಲ್ಲಿ ಬ್ಲಾಕರ್ ಒಳಗೇ ಇದೆ, ವಿಳಾಸ ಪಟ್ಟಿಯ (ಅಡ್ರೆಸ್ ಬಾರ್) ಪಕ್ಕದ ಸಿಂಹದ ಮುಖ ಒತ್ತಿ 'ಶೀಲ್ಡ್ಸ್' ಆಫ್ ಮಾಡಬೇಕು.

ಫೈರ್‌ಫಾಕ್ಸ್‌ನಲ್ಲಿ ಒಂದು ಹೆಚ್ಚಿನ ಪದರ ಇದೆ. ಯಾವ ಎಕ್ಸ್‌ಟೆನ್ಶನ್ ಹಾಕದಿದ್ದರೂ ಅದರ 'ಎನ್‌ಹಾನ್ಸ್ಡ್ ಟ್ರ್ಯಾಕಿಂಗ್ ಪ್ರೊಟೆಕ್ಷನ್' ಕೆಲವು ಜಾಹೀರಾತು ಸ್ಕ್ರಿಪ್ಟ್‌ಗಳನ್ನು ತಡೆಯುತ್ತದೆ. 'ಸ್ಟ್ರಿಕ್ಟ್' ಇಟ್ಟುಕೊಂಡವರಿಗೆ ಇನ್ನೂ ಹೆಚ್ಚು. ವಿಳಾಸದ ಎಡಗಡೆಯ ಗುರಾಣಿ ಒತ್ತಿ ಆ ಸೈಟಿಗೆ ಆಫ್ ಮಾಡಬಹುದು. ಎಡ್ಜ್‌ನಲ್ಲೂ ಇಂಥದೇ ಟ್ರ್ಯಾಕಿಂಗ್ ಪ್ರಿವೆನ್ಷನ್ ಇದೆ.

ಅರ್ಜಿ ತುಂಬುವವರು, ದುಡ್ಡು ಕಟ್ಟುವವರು ಇಲ್ಲಿ ಸ್ವಲ್ಪ ನಿಧಾನಿಸಿ ಓದಿ. ಬ್ಲಾಕರ್ ಆಫ್ ಮಾಡಬೇಕೆಂದಿದ್ದರೆ ಫಾರಂ ತುಂಬುವ ಮೊದಲೇ ಮಾಡಿ. ರೀಲೋಡ್ ಮಾಡಿದರೆ ಬರೆದದ್ದೆಲ್ಲ ಹೋಗಬಹುದು. ಪಾವತಿ ನಡೆಯುತ್ತಿರುವಾಗ ಮಾತ್ರ ರೀಲೋಡ್ ಒತ್ತಲೇಬೇಡಿ: ಖಾತೆಯಿಂದ ಹಣ ಕಡಿತವಾಗಿ ರಸೀದಿ ಬಾರದೆ ಉಳಿಯುವ ಅಪಾಯ ಅಲ್ಲಿದೆ. ಇನ್ನೊಂದು ವಿಷಯ, ಅರ್ಜಿಯ ಸೈಟೇ ಬೇರೆ, ಹಣ ಕಟ್ಟುವ ಪುಟದ ವಿಳಾಸವೇ ಬೇರೆ ಇರುತ್ತದೆ. ಮೊದಲನೆಯದಕ್ಕೆ ಆಫ್ ಮಾಡಿದ್ದು ಎರಡನೆಯದಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ಇಂಥ ಕೆಲಸಕ್ಕೆ ಎಕ್ಸ್‌ಟೆನ್ಶನ್ ಏನೂ ಇಲ್ಲದ ಬೇರೊಂದು ಬ್ರೌಸರ್ ಇಟ್ಟುಕೊಳ್ಳುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಪಹಣಿಯೋ ಚಲನ್ನೋ ಹೊಸ ಕಿಟಕಿಯಲ್ಲಿ ತೆರೆಯಬೇಕಾಗಿದ್ದು, ಬಟನ್ ಒತ್ತಿದರೂ ಏನೂ ಬರದಿದ್ದರೆ ಹೆಚ್ಚಾಗಿ ತಡೆಯುತ್ತಿರುವುದು ಆಡ್ ಬ್ಲಾಕರ್ ಅಲ್ಲ, ಬ್ರೌಸರಿನ ಪಾಪ್‌ಅಪ್ ಬ್ಲಾಕರ್. ಅದೂ ಇದೂ ಬೇರೆಬೇರೆ. ಕ್ರೋಮ್‌ನಲ್ಲಿ ವಿಳಾಸ ಪಟ್ಟಿಯ ಬಲತುದಿಯಲ್ಲಿ ಕೆಂಪು ಗುರುತಿನ ಸಣ್ಣ ಕಿಟಕಿಯ ಚಿಹ್ನೆ ಬರುತ್ತದೆ. ಅದನ್ನು ಒತ್ತಿ, ಈ ಸೈಟಿಗೆ ಯಾವಾಗಲೂ ಪಾಪ್‌ಅಪ್ ಬಿಡು ಎಂಬುದನ್ನು ಆರಿಸಿ, 'ಡನ್' ಕೊಟ್ಟು, ಬಟನ್ ಮತ್ತೊಮ್ಮೆ ಒತ್ತಿ.

ರೀಲೋಡ್ ಮಾಡಿದರೂ ಸೂಚನೆ ಹೋಗಲಿಲ್ಲ ಎನ್ನಿ. ಆಗ ತಡೆ ಎಲ್ಲಿದೆ ಎಂದು ಹುಡುಕಬೇಕು. ಕ್ರೋಮ್, ಎಡ್ಜ್‌ಗಳಲ್ಲಿ ಅದೇ ಪುಟವನ್ನು ಇನ್‌ಕಾಗ್ನಿಟೋ ಅಥವಾ ಇನ್‌ಪ್ರೈವೇಟ್ ಕಿಟಕಿಯಲ್ಲಿ ತೆರೆಯಿರಿ. ನೀವೇ ಅನುಮತಿ ಕೊಟ್ಟಿರದಿದ್ದರೆ ಎಕ್ಸ್‌ಟೆನ್ಶನ್‌ಗಳು ಅಲ್ಲಿ ಓಡುವುದಿಲ್ಲ. ಅಲ್ಲಿ ಪುಟ ಸರಿಯಾಗಿ ತೆರೆದರೆ ತಡೆಯುತ್ತಿರುವುದು ಯಾವುದೋ ಎಕ್ಸ್‌ಟೆನ್ಶನ್ ಎಂದು ಬಹುಮಟ್ಟಿಗೆ ಖಚಿತ. ಮೂರು ಚುಕ್ಕಿ, ಎಕ್ಸ್‌ಟೆನ್ಶನ್ಸ್, ಮ್ಯಾನೇಜ್ ಎಕ್ಸ್‌ಟೆನ್ಶನ್ಸ್‌ಗೆ ಹೋಗಿ ಒಂದೊಂದಾಗಿ ಸ್ವಿಚ್ ಆಫ್ ಮಾಡಿ ನೋಡಿ. ಎರಡು ಬ್ಲಾಕರ್ ಹಾಕಿಕೊಂಡು ಒಂದನ್ನು ಮರೆತವರೇ ಹೆಚ್ಚು. ಎರಡಿದ್ದರೆ ರಕ್ಷಣೆ ಹೆಚ್ಚೇನೂ ಆಗುವುದಿಲ್ಲ, ಒಂದನ್ನು ತೆಗೆದುಬಿಡಿ. ಫೈರ್‌ಫಾಕ್ಸ್‌ಗೆ ಈ ಪರೀಕ್ಷೆ ಹೊಂದುವುದಿಲ್ಲ, ಅದರ ಪ್ರೈವೇಟ್ ಕಿಟಕಿಯಲ್ಲಿ ಟ್ರ್ಯಾಕಿಂಗ್ ತಡೆ ಇನ್ನೂ ಬಿಗಿಯಾಗುತ್ತದೆ. ಅಲ್ಲಿ ಹೆಲ್ಪ್ ಮೆನುವಿನ 'ಟ್ರಬಲ್‌ಶೂಟ್ ಮೋಡ್' ಬಳಸಿ.

ಇನ್‌ಕಾಗ್ನಿಟೋದಲ್ಲೂ ತಡೆ ಉಳಿದರೆ ಕಾರಣ ಬ್ರೌಸರಿನ ಎಕ್ಸ್‌ಟೆನ್ಶನ್ ಆಗಿರಲಾರದು. ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟಿಗೆ ಬನ್ನಿ. ಸರಿಹೋದರೆ ಮನೆಯ ಅಥವಾ ಆಫೀಸಿನ ರೂಟರಿನಲ್ಲಿ ಜಾಹೀರಾತು ತಡೆಯುವ ಡಿಎನ್‌ಎಸ್ (ಸೈಟಿನ ಹೆಸರು ಕೊಟ್ಟರೆ ಅದರ ಸರ್ವರಿನ ವಿಳಾಸ ಹುಡುಕಿಕೊಡುವ ಸೇವೆ) ಹಾಕಿರಬಹುದು. ಆಗಲೂ ಸರಿಹೋಗದಿದ್ದರೆ ವಿಪಿಎನ್ ಆ್ಯಪ್, ಆ್ಯಂಟಿವೈರಸ್‌ನ ಬ್ಯಾನರ್ ತಡೆ, ಕ್ರೋಮ್‌ನ ಸೆಕ್ಯುರಿಟಿ ಸೆಟ್ಟಿಂಗಿನೊಳಗಿನ 'ಸೆಕ್ಯೂರ್ ಡಿಎನ್‌ಎಸ್' ಇವನ್ನು ಒಂದಾದ ಮೇಲೊಂದು ನೋಡಿ.

ಫೋನಿನಲ್ಲಿ ಈ ಡಿಎನ್‌ಎಸ್ ವಿಷಯವೇ ಹೆಚ್ಚು. ಆ್ಯಂಡ್ರಾಯ್ಡ್ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲವಾದ್ದರಿಂದ ಯಾರೋ ಗೆಳೆಯರು 'ಪ್ರೈವೇಟ್ ಡಿಎನ್‌ಎಸ್' ಜಾಗದಲ್ಲಿ ಆಡ್‌ಗಾರ್ಡ್‌ನಂಥ ಸೇವೆಯ ಹೆಸರು ತುಂಬಿಕೊಟ್ಟಿರುತ್ತಾರೆ. 2018ರ ಆ್ಯಂಡ್ರಾಯ್ಡ್ 9ರಿಂದ ಈ ಸೌಲಭ್ಯ ಇದೆ. ಇದನ್ನು ಒಂದು ಸೈಟಿಗೆ ಮಾತ್ರ ಆಫ್ ಮಾಡಲು ಆಗುವುದಿಲ್ಲ. ಡಿಎನ್‌ಎಸ್‌ಗೆ ಕಾಣುವುದು ಕೇಳಿದ ಸರ್ವರಿನ ಹೆಸರು ಮಾತ್ರ, ಯಾವ ಪುಟ ಕೇಳಿತು ಎಂಬುದು ಅದಕ್ಕೆ ತಿಳಿಯುವುದಿಲ್ಲ. ಸೆಟ್ಟಿಂಗ್ಸ್ ಮೇಲಿನ ಹುಡುಕುವ ಜಾಗದಲ್ಲಿ 'ಪ್ರೈವೇಟ್ ಡಿಎನ್‌ಎಸ್' ಎಂದು ಟೈಪ್ ಮಾಡಿ, 'ಆಟೋಮ್ಯಾಟಿಕ್' ಮಾಡಿ. ತೆಗೆಯುವ ಮೊದಲು ಅಲ್ಲಿರುವ ಹೆಸರು ಬರೆದಿಟ್ಟುಕೊಳ್ಳಿ, ಮತ್ತೆ ಹಾಕಲು ಬೇಕಾಗುತ್ತದೆ. ಸ್ಯಾಮ್‌ಸಂಗ್ ಇಂಟರ್ನೆಟ್‌ನಲ್ಲಿ ಮೂರು ಗೆರೆಯ ಮೆನುವಿನೊಳಗೆ 'ಆಡ್ ಬ್ಲಾಕರ್ಸ್' ಇದೆ. ಐಫೋನಿನ ಸಫಾರಿಯಲ್ಲಿ ವಿಳಾಸದ ಪಕ್ಕದ ಪುಟದ ಮೆನು ಒತ್ತಿದರೆ ಕಂಟೆಂಟ್ ಬ್ಲಾಕರ್ ಆಫ್ ಮಾಡುವ ಸಾಲು ಸಿಗುತ್ತದೆ. ಒಂದೇ ಸೈಟಿಗೆ ಮಾತ್ರ ಬಿಡುವ ಅನುಕೂಲ ಆ್ಯಂಡ್ರಾಯ್ಡ್‌ನಲ್ಲೂ ಬೇಕೆಂದರೆ ಫೈರ್‌ಫಾಕ್ಸ್ ಹಾಕಿಕೊಂಡು ಅದರೊಳಗೆ ಯುಬ್ಲಾಕ್ ಒರಿಜಿನ್ ಸೇರಿಸಿ.

ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯ ತೋಟದ ಮನೆಗಳಲ್ಲಿ ಸಿಗ್ನಲ್ ಕಡ್ಡಿ ಒಂದೋ ಎರಡೋ ಇರುವಾಗ ಜಾಹೀರಾತು ಬರಲು ಬಿಟ್ಟರೆ ಪುಟ ತೆವಳುತ್ತದೆ, ಡೇಟಾವೂ ಹೆಚ್ಚು ಹೋಗುತ್ತದೆ. ಹೆಚ್ಚು ಭಾರ ತಾನಾಗಿ ಓಡುವ ವೀಡಿಯೊಗಳದ್ದು. ಫೈರ್‌ಫಾಕ್ಸ್‌ನ ಸೆಟ್ಟಿಂಗಿನಲ್ಲಿ 'ಆಟೋಪ್ಲೇ'ಗೆ 'ಬ್ಲಾಕ್ ಆಡಿಯೊ ಆ್ಯಂಡ್ ವೀಡಿಯೊ' ಆರಿಸಿ. ಇದು ಬ್ಲಾಕರಿಗೆ ಸಂಬಂಧಪಡದ ಸೆಟ್ಟಿಂಗ್ ಆದ್ದರಿಂದ ಆ ಸೈಟಿಗೆ ಬ್ಲಾಕರ್ ಆಫ್ ಇದ್ದರೂ ಕೆಲಸ ಮಾಡುತ್ತದೆ. ಚಿತ್ರದ ಜಾಹೀರಾತು ಕಾಣುತ್ತದೆ, ಸೈಟಿನವರಿಗೂ ನಷ್ಟ ಕಡಿಮೆ.

ಎಲ್ಲ ಸೂಚನೆಗಳನ್ನೂ ನಂಬಬೇಡಿ. ಪ್ರಾಮಾಣಿಕ ಸೈಟು ಬ್ಲಾಕರ್ ಆಫ್ ಮಾಡಿ ಎಂದಷ್ಟೇ ಕೇಳುತ್ತದೆ. ಹೊಸ ಎಕ್ಸ್‌ಟೆನ್ಶನ್ ಹಾಕಿಕೊಳ್ಳಿ, ಆ್ಯಪ್ ಇಳಿಸಿಕೊಳ್ಳಿ, ಮುಂದುವರಿಯಲು 'ಅಲೋ' ಒತ್ತಿ, ಫೋನ್ ನಂಬರ್ ಕೊಡಿ ಎಂದರೆ ಅಲ್ಲಿಂದ ಹೊರಬನ್ನಿ. ಆ 'ಅಲೋ' ನೋಟಿಫಿಕೇಶನ್ ಅನುಮತಿ. 'ನಿಮ್ಮ ಫೋನಿಗೆ ವೈರಸ್ ಬಂದಿದೆ' ಎಂದು ಹೊತ್ತಲ್ಲದ ಹೊತ್ತಿನಲ್ಲಿ ಬರುವ ಸಂದೇಶಗಳು ಎಷ್ಟೋ ಸಲ ಇದರಿಂದಲೇ. ಒತ್ತಿಬಿಟ್ಟಿದ್ದರೆ ಕ್ರೋಮ್‌ನ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಪರಿಚಯವಿಲ್ಲದ ಸೈಟುಗಳನ್ನು ತೆಗೆಯಿರಿ. ಕದ್ದ ಸಿನಿಮಾ, ಉಚಿತ ರೀಚಾರ್ಜ್, ಎಪಿಕೆ (ಆ್ಯಂಡ್ರಾಯ್ಡ್ ಆ್ಯಪ್) ಫೈಲ್ ಹಂಚುವ ಸೈಟುಗಳಿಗೆ ಯಾವ ಕಾರಣಕ್ಕೂ ಬ್ಲಾಕರ್ ಆಫ್ ಮಾಡಬೇಡಿ.

ಊರಿನ ಸೈಟಿಗೆ ಆಫ್ ಮಾಡಿದ ಮೇಲೆ ಉಪಕಾರವೆಂದು ಜಾಹೀರಾತುಗಳ ಮೇಲೆ ಸುಮ್ಮನೆ ಕ್ಲಿಕ್ ಮಾಡುತ್ತ ಕೂರುವವರೂ ಇದ್ದಾರೆ. ದಯವಿಟ್ಟು ಬೇಡ. ಸೈಟುಗಳಿಗೆ ಜಾಹೀರಾತು ಕೊಡುವ ಗೂಗಲ್ ಆಡ್‌ಸೆನ್ಸ್‌ನಲ್ಲಿ ಅದು ಅಸಿಂಧು ಕ್ಲಿಕ್. ಹೆಚ್ಚಾದರೆ ಸೈಟಿನವರ ಖಾತೆಯೇ ಮುಚ್ಚಿಹೋಗಬಹುದು. ಪುಟ ತೆರೆದು ಓದಿದರೆ ಸಾಕು, ಕಂಡ ಜಾಹೀರಾತು ಲೆಕ್ಕಕ್ಕೆ ಸೇರುತ್ತದೆ. ಸೈಟ್ ನಡೆಸುವವರು ತಮ್ಮ ಪುಟದ ಜಾಹೀರಾತಿನ ಮೇಲೆ ತಾವೇ ಕ್ಲಿಕ್ ಮಾಡುವುದೂ ನಿಯಮಕ್ಕೆ ವಿರುದ್ಧ.

ಹೋಂಸ್ಟೇ ನಡೆಸುವವರು ತಮ್ಮ ಸೈಟನ್ನು ಬ್ಲಾಕರ್ ಆಫ್ ಮಾಡಿಯೂ ಆನ್ ಮಾಡಿಯೂ ನೋಡಬೇಕು. ಬುಕ್ಕಿಂಗ್ ಪೆಟ್ಟಿಗೆ, ಚಾಟ್ ಬಟನ್ ಬ್ಲಾಕರ್ ಇರುವ ಅತಿಥಿಗೆ ಕಾಣದೇ ಹೋಗಿರಬಹುದು. ದಿನನಿತ್ಯದ ಕೆಲಸಕ್ಕೆ ಮಾತ್ರ ಆನ್ ಇರಲಿ, ನಿಮ್ಮದೇ ಭೇಟಿಗಳು ಗೂಗಲ್ ಅನಲಿಟಿಕ್ಸ್ ಲೆಕ್ಕದಲ್ಲಿ ಸೇರಿ ಅಂಕಿ ಕೆಡುವುದು ತಪ್ಪುತ್ತದೆ. ಸುದ್ದಿ ಸೈಟಿನವರು ಹಾಸನದ ಬಟ್ಟೆ ಅಂಗಡಿಯದೋ ಬೇಲೂರಿನ ಕಾಫಿ ನರ್ಸರಿಯದೋ ಬ್ಯಾನರನ್ನು ನೇರವಾಗಿ ಪಡೆದು ಹಾಕಿದ್ದರೆ ಅದರ ವಿಳಾಸ ನೋಡಿಕೊಳ್ಳಿ. ಚಿತ್ರವನ್ನು 'ಆಡ್ಸ್' ಎಂಬ ಹೆಸರಿನ ಫೋಲ್ಡರಿನಲ್ಲಿ ಇಟ್ಟಿದ್ದರೆ ಬ್ಲಾಕರ್ ಪಟ್ಟಿಯ ಮಾದರಿ ನಿಯಮಕ್ಕೆ ಸಿಕ್ಕಿ ಮರೆಯಾಗಬಹುದು. ಮಾಮೂಲಿ ಚಿತ್ರಗಳ ಫೋಲ್ಡರಿಗೆ ಹಾಕಿ, ಕೆಳಗೆ 'ಜಾಹೀರಾತು' ಎಂದು ಸ್ಪಷ್ಟವಾಗಿ ಬರೆದು, ಬ್ಲಾಕರ್ ಆನ್ ಇರುವ ಬ್ರೌಸರಿನಲ್ಲಿ ಪುಟ ತೆರೆದು ಬ್ಯಾನರ್ ಕಾಣುತ್ತದೆಯೇ ಎಂದು ಪರೀಕ್ಷಿಸಿ.