ಏಳು ಹೆಸರಿನ ಪುಟ

ರವಿವಾರದಿಂದ ಕಾಕಾನ ಒಂದೇ ಮಾತು ಕಿವಿಯಲ್ಲಿ ಉಳಿದುಬಿಟ್ಟಿದೆ.

ಮ್ಯಾಚ್ ಮುಗಿದಿತ್ತು. ನಾಲ್ಕು ಗೋಲಿನಿಂದ ಸೋತಿದ್ದೆವು. ಹುಡುಗರು ಬೂಟು ಬಿಚ್ಚಿ ಕೆಸರು ಬಡಿಯುತ್ತಿದ್ದರು. ಈ ವರ್ಷವಷ್ಟೇ ಸೇರಿದ ಹುಡುಗನೊಬ್ಬ ಕೇಳಿದ, "ಕಾಕಾ, ನಮ್ಮ ಕ್ಲಬ್ ಎಷ್ಟ ಕಪ್ ಗೆದ್ದೈತ್ರಿ?"

ಕಾಕಾ ರಿಜಿಸ್ಟರ್‌ನಿಂದ ತಲೆ ಎತ್ತಲಿಲ್ಲ. "ಕಪ್ ಬಿಡೋ ತಮ್ಮಾ. ಒಂದ ಮ್ಯಾಚೂ ವಾಕೋವರ್ ಕೊಟ್ಟಿಲ್ಲ."

ಹುಡುಗ ನಕ್ಕ. ನನಗೆ ನಗು ಬರಲಿಲ್ಲ.

ನಮ್ಮ ಓಣಿ ಇರೋದು ಹುಬ್ಬಳ್ಳಿಯ ಗದಗ ರೋಡಿನ ಹತ್ತಿರ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಊರಿಗೆ ವರ್ಕ್‌ಶಾಪ್ ತಂದಿತು. ಅಲ್ಲಿ ಪಾಳಿ ಮುಗಿಸಿ ಬಂದವರು ಸಂಜೆ ಚೆಂಡು ಒದೆಯುತ್ತಾ ಕಟ್ಟಿದ ಕ್ಲಬ್ ನಮ್ಮದು. ಕಾಕಾ ಕೂಡ ಫಿಟ್ಟರ್ ಆಗಿದ್ದವರೇ. ನನಗೆ ಸ್ವಂತ ಕಾಕಾ ಅಲ್ಲ, ಓಣಿಗೆಲ್ಲ ಕಾಕಾ. ಒಂದೇ ಒಂದು ಸಲ ಮೇಲಿನ ಡಿವಿಜನ್‌ಗೆ ಹೋಗಿದ್ದೆವು, ಮರುವರ್ಷವೇ ಇಳಿದೆವು. ಊರು ಬಿಟ್ಟು ಹೋದವರು ಆ ವರ್ಷದ ಫೋಟೋ ಮಾತ್ರ ವಾಟ್ಸಾಪ್‌ನಲ್ಲಿ ಹಾಕುತ್ತಾರೆ. ಒಂದು ಚೆಂಡಿಗೆ ದುಡ್ಡು ಕೇಳಿದರೆ ಉತ್ತರವಿಲ್ಲ. ಅವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಫುಟ್‌ಬಾಲ್ ನಿಯಮದಲ್ಲಿ ಹನ್ನೊಂದು ಜನ ಬೇಕು ಅಂತ ಎಲ್ಲರಿಗೂ ಗೊತ್ತು. ಕನಿಷ್ಠ ಏಳು ಜನ ಇದ್ದರೆ ಸಾಕು, ಆಟ ಶುರು ಮಾಡಬಹುದು ಅನ್ನೋದು ನಮ್ಮಂಥ ಕ್ಲಬ್‌ಗಳಿಗೇ ಜಾಸ್ತಿ ಗೊತ್ತು. ಆರಾದರೆ ಮ್ಯಾಚ್ ಇಲ್ಲ, ಆಡದೆಯೇ ಎದುರಿನವರಿಗೆ ಗೆಲುವು. ಅದೇ ವಾಕೋವರ್. ಪರೀಕ್ಷೆ, ಮದುವೆ, ಪಾಳಿ, ಜ್ವರ ಎಲ್ಲ ಸೇರಿ ಆ ಆರಕ್ಕೆ ತಂದು ನಿಲ್ಲಿಸಿದ ದಿನಗಳು ಎಷ್ಟೋ. ಅಂಥ ದಿನ ಕಾಕಾ ಬೆಳಿಗ್ಗೆಯೇ ಸೈಕಲ್ ಹತ್ತಿ ಮನೆಮನೆ ಬಾಗಿಲು ಬಡಿಯುತ್ತಿದ್ದರು.

ರವಿವಾರ ಸುಮ್ನೆ ಆ ರಿಜಿಸ್ಟರ್ ಇಸಿದುಕೊಂಡೆ. ಬಟ್ಟೆಯ ಬೆನ್ನಿನ ಉದ್ದ ಪುಸ್ತಕ, ಅಂಚೆಲ್ಲ ಸುಣ್ಣದ ಬೆರಳಚ್ಚು. ಒಂದು ಪುಟದಲ್ಲಿ ಬರೀ ಏಳು ಹೆಸರು. ಏಳನೆಯದು ಕಾಕಾನದು, ಎದುರಿಗೆ "ಗೋಲಿ", ಅಂದರೆ ಗೋಲ್‌ಕೀಪರ್. ಆಗ ಅವರಿಗೆ ಐವತ್ತು ದಾಟಿತ್ತು. ಇಂಥ ದಿನ ಬರುತ್ತೆ ಅಂತಲೇ ಪ್ರತಿವರ್ಷ ತಮ್ಮ ಹೆಸರನ್ನೂ ಆಟಗಾರರ ಪಟ್ಟಿಯಲ್ಲಿ ಸೇರಿಸುತ್ತಿದ್ದರಂತೆ. ಕೆಳಗೆ ಸ್ಕೋರ್, 0–6.

ತಾರೀಖು ನೋಡಿದೆ. ಅವತ್ತು ನಾನು ಗದಗದಲ್ಲಿದ್ದೆ, ಮಾವನ ಮಗಳ ಮದುವೆಗೆ. ಬರೋದಿಲ್ಲ ಅಂತ ಒಂದು ಮಾತೂ ಹೇಳಿರಲಿಲ್ಲ. ಕಾಕಾ ನಮ್ಮ ಮನೆಯ ಬಾಗಿಲನ್ನೂ ಬಡಿದಿರುತ್ತಾರೆ, ಅಲ್ವಾ? ಬೀಗ ನೋಡಿ ಹಾಗೇ ಮೈದಾನಕ್ಕೆ ಹೋಗಿ ಗೋಲ್‌ನಲ್ಲಿ ನಿಂತಿರುತ್ತಾರೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಆ ಮಾತು ಎತ್ತಿಲ್ಲ.

ಪುಟ ತೋರಿಸಿದೆ. "ಕಾಕಾ, ಅವತ್ತ ನಾ ಬಂದಿರಲಿಲ್ಲರೀ."

ಕನ್ನಡಕ ಮೇಲೆತ್ತಿ ನೋಡಿದರು. ರಿಜಿಸ್ಟರ್ ಮುಚ್ಚಿ ಚೀಲಕ್ಕೆ ಹಾಕಿದರು.

"ಮುಂದಿನ ರವಿವಾರ ಆರಕ್ಕ ಬಾ. ಸುಣ್ಣದ ಗೆರಿ ಹಾಕೂದೈತಿ."