ವಾಷಿಂಗ್ ಮಷೀನ್ ಬಂತು, ಒಗೆಯೋದು ಮುಗಿಯಲಿಲ್ಲ

1950ರ ದಶಕದ ಅಮೆರಿಕದ ಜಾಹೀರಾತುಗಳನ್ನು ನೋಡಿದ್ದೀರಾ? ಫ್ರಿಜ್ ಬಾಗಿಲು ಹಿಡಿದುಕೊಂಡು ಬಾಯಿ ತುಂಬಾ ನಗುವ ಹೆಂಗಸು. ಫ್ರಿಜ್ ನೋಡಿ ಅಷ್ಟು ಖುಷಿ ಯಾರಿಗಾದರೂ ಆಗುತ್ತದಾ ಅಂತ ನನಗೆ ಯಾವಾಗಲೂ ಅನುಮಾನ.

ನ್ಯೂಯಾರ್ಕ್ ನಗರದ ಪಕ್ಕದ ಲಾಂಗ್ ಐಲ್ಯಾಂಡಿನಲ್ಲಿ 1947ರಿಂದ 1951ರೊಳಗೆ 17,000ಕ್ಕೂ ಜಾಸ್ತಿ ಮನೆಗಳು ಎದ್ದವು. ಆ ಬಡಾವಣೆಯ ಹೆಸರು ಲೆವಿಟ್‌ಟೌನ್. ಯುದ್ಧ ಮುಗಿಸಿ ಬಂದ ಸೈನಿಕರಿಗೆ ಸುಲಭ ಕಂತಿನ ಸಾಲ, ಒಂದೇ ಅಚ್ಚಿನ ಮನೆ. (ಬಿಳಿಯರಿಗೆ ಮಾತ್ರ. ಕಪ್ಪುವರ್ಣೀಯರಿಗೆ ಮಾರುತ್ತಿರಲಿಲ್ಲ, ಆ ಕಥೆಯೇ ಬೇರೆ.) ಬೇಲಿ ಹಾಕುವಂತಿಲ್ಲ, ಶನಿವಾರ ಭಾನುವಾರ ಹೊರಗೆ ಬಟ್ಟೆ ಒಣಹಾಕುವಂತಿಲ್ಲ ಅನ್ನೋ ನಿಯಮಗಳೂ ಇದ್ದವು.

ಮನೆಯ ಜೊತೆಗೇ ವಾಷಿಂಗ್ ಮಷೀನ್ ಬರುತ್ತಿತ್ತು. ಕೆಲಸ ಕಮ್ಮಿ ಆಗಬೇಕಿತ್ತು, ಅಲ್ವಾ? ಜೋನ್ ವಾನೆಕ್ ಎಂಬ ಸಂಶೋಧಕಿ 1974ರಲ್ಲಿ ಲೆಕ್ಕ ತೆಗೆದರು. ಹೊರಗೆ ದುಡಿಯದ ಗೃಹಿಣಿ 1920ರ ದಶಕದಲ್ಲಿ ವಾರಕ್ಕೆ ಸುಮಾರು 52 ಗಂಟೆ ಮನೆಗೆಲಸ ಮಾಡುತ್ತಿದ್ದಳು, 1960ರ ದಶಕದಲ್ಲಿ 55! ಮೊದಲು ಎಷ್ಟೋ ಮನೆಗಳಲ್ಲಿ ಬಟ್ಟೆಯನ್ನು ಹೊರಗೆ ಕೊಡುತ್ತಿದ್ದರು, ಇಲ್ಲವೇ ಒಗೆಯೋಕೆ ಒಬ್ಬಳು ಬರುತ್ತಿದ್ದಳು. ಈಗ ಮಷೀನ್ ಇದೆಯಲ್ಲ, ಹಾಗಾಗಿ ದಿನಾ ಒಗೆ, ದಿನಾ ಮಡಿಸು, ಗಂಡನಿಗೆ ದಿನಾ ಇಸ್ತ್ರಿ ಮಾಡಿದ ಶರ್ಟು. ಮೊದಲು ಮನೆಬಾಗಿಲಿಗೆ ಬರುತ್ತಿದ್ದ ಸಾಮಾನನ್ನೂ ಈಗ ಇವಳೇ ಹೋಗಿ ತರಬೇಕು.

ಅದೂ ಒಬ್ಬಳೇ. ಅಮ್ಮ, ಅಕ್ಕತಂಗಿಯರು ದೂರದಲ್ಲಿ ಉಳಿದರು. ಎಷ್ಟೋ ಮನೆಗಳಲ್ಲಿ ಇದ್ದ ಒಂದೇ ಕಾರನ್ನು ಬೆಳಿಗ್ಗೆ ಗಂಡ ತಗೊಂಡು ಹೋಗುತ್ತಿದ್ದ. 1950ರ ದಶಕದ ನಡುವೆ ಅಮೆರಿಕದ ಹುಡುಗಿಯರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ 20ರ ಹೊತ್ತಿಗೇ ಮದುವೆ ಆಗಿರುತ್ತಿತ್ತು. ಆಮೇಲೆ ಮಕ್ಕಳು, ಒಂದರ ಹಿಂದೆ ಒಂದು. ನಿನಗೇನು ಕಮ್ಮಿ ಆಗಿದೆ ಅಂತ ಯಾರಾದರೂ ಕೇಳಿದರೆ ಏನು ಹೇಳುತ್ತಾಳೆ? ಮನೆ ಇದೆ, ಗಂಡ ಕುಡಿಯಲ್ಲ ಹೊಡೆಯಲ್ಲ, ಮಕ್ಕಳು ಗಟ್ಟಿಮುಟ್ಟಾಗಿವೆ. ಸುಮ್ನೆ ಅಳು ಬರುತ್ತೆ ಅಂತ ಡಾಕ್ಟರ ಹತ್ತಿರ ಹೋದರೆ ಅವರು ಮಾತ್ರೆ ಬರೆದುಕೊಡುತ್ತಿದ್ದರು. 1955ರಲ್ಲಿ ಬಂದ ಮಿಲ್‌ಟೌನ್ ಅನ್ನೋ, ಮನಸ್ಸಿನ ತಳಮಳ ತಗ್ಗಿಸುವ ಮಾತ್ರೆಗೆ ಜನ ಮುಗಿಬಿದ್ದರು. ಊರಿನ ಹೆಸರಿನ ಹಾಗೇ ಇದೆ, ವಿಚಿತ್ರ.

ಬಿಟ್ಟು ಹೋಗೋಣ ಅಂದರೆ? 1966ರಲ್ಲಿ ಕಾನೂನು ಬದಲಾಗುವವರೆಗೂ ನ್ಯೂಯಾರ್ಕ್ ರಾಜ್ಯದಲ್ಲಿ ಡಿವೋರ್ಸಿಗೆ ಕಾರಣ ಒಂದೇ, ವ್ಯಭಿಚಾರ. ಅದಕ್ಕೇ ಕೆಲವು ಗಂಡಂದಿರು ಹೋಟೆಲ್ ರೂಮಿನಲ್ಲಿ ಯಾರೋ ಹೆಂಗಸಿಗೆ ದುಡ್ಡು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡು, ಫೋಟೋ ತೆಗೆಸಿ ಕೋರ್ಟಿಗೆ ಕೊಡುತ್ತಿದ್ದರಂತೆ. ಬೇಜಾರಾಗಿದೆ ಅಂದರೆ ಮಾತ್ರ ಜಡ್ಜು ಕೇಳುತ್ತಿರಲಿಲ್ಲ.