ಪೌಲಸ್ ಯಾಕೆ ಗುಂಡು ಹೊಡ್ಕೊಳ್ಲಿಲ್ಲ ಅಂತ ಕೇಳೋರಿಗೆ

ನಾನು ಎರಡನೇ ಮಹಾಯುದ್ಧದ ಬಗ್ಗೆ ಓದ್ತೀನಿ ಅಂತ ಗೊತ್ತಾದ ಕೂಡ್ಲೇ ಎಲ್ರೂ ಕೇಳೋದು ಒಂದೇ: ರಷ್ಯಾದ ಸ್ಟಾಲಿನ್‌ಗ್ರಾಡ್ ನಗರದಲ್ಲಿ ಸಿಕ್ಕಿಹಾಕ್ಕೊಂಡ ಆ ಜರ್ಮನ್ ಜನರಲ್ ಫ್ರೀಡ್ರಿಶ್ ಪೌಲಸ್ ಸಾಯೋದು ಬಿಟ್ಟು ಶರಣಾದ್ನಲ್ಲ, ಯಾಕೆ? ಸಾಯೋದು ಬೇಡ ಅನ್ನಿಸ್ತು, ಶರಣಾದ. ಆಯ್ತಾ?

ಒಂದ್ಸಲ ಮದುವೆ ಊಟದಲ್ಲಿ ಪಕ್ಕ ಕೂತ ಹಿರಿಯರೊಬ್ರು ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಾ "ಮಾನ ಇದ್ದೋನಾಗಿದ್ರೆ ಗುಂಡು ಹೊಡ್ಕೋತಿದ್ದ ಕಣಯ್ಯ" ಅಂದ್ರು. "ಹಿಟ್ಲರೂ ಇದನ್ನೇ ಹೇಳಿದ್ದು ಸಾರ್" ಅಂದೆ. ಆಮೇಲೆ ಪಾಯಸ ಬರೋವರೆಗೂ ಅವರು ಆ ಕಡೆಯವರ ಹತ್ರಾನೇ ಮಾತಾಡಿದ್ರು. ಆದ್ರೆ ನಾನು ಹೇಳಿದ್ದು ನಿಜಾನೇ. 1943ರ ಜನವರಿ 30ಕ್ಕೆ ಹಿಟ್ಲರ್ ಪೌಲಸ್‌ನ ಫೀಲ್ಡ್ ಮಾರ್ಷಲ್ (ಸೈನ್ಯದ ತೀರಾ ದೊಡ್ಡ ಪದವಿ) ಮಾಡಿದ್ದೇ, ಫೀಲ್ಡ್ ಮಾರ್ಷಲ್ ಆದೋನು ಸೆರೆ ಸಿಕ್ಕಲ್ಲ, ಅರ್ಥ ಮಾಡ್ಕೊಂಡು ಸಾಯ್ತಾನೆ ಅಂತ. ಪೌಲಸ್ ಮಾರನೇ ದಿನವೇ ಒಂದು ಡಿಪಾರ್ಟ್‌ಮೆಂಟ್ ಸ್ಟೋರಿನ ನೆಲಮಾಳಿಗೆಯಲ್ಲಿ ಸೆರೆಯಾದ. ಇನ್ಮೇಲೆ ಈ ಯುದ್ಧದಲ್ಲಿ ಯಾರಿಗೂ ಆ ಪದವಿ ಇಲ್ಲ ಅಂತ ಹಿಟ್ಲರ್ ಫೆಬ್ರವರಿ 1ಕ್ಕೆ ಕೂಗಾಡಿದ, ಅದೇ ತಾರೀಖಲ್ಲಿ ಬೇರೆ ಮೂರು ಜನಕ್ಕೆ ಕೊಟ್ಟೂಬಿಟ್ಟ!

ಹಾಗಂತ ನಾನೇನು ಪೌಲಸ್ ಪರ ವಕೀಲ ಅಲ್ಲ. ಮೇಜಿನ ಮುಂದೆ ನಕ್ಷೆ ಹರಡ್ಕೊಂಡು ಮೇಲೆ ಬಂದ ಆಸಾಮಿ, ರಷ್ಯಾ ಮೇಲಿನ ದಾಳಿಯ ಪ್ಲಾನಿಗೆ ದುಡಿದೋನು, 1942ರ ಜನವರಿಯಲ್ಲಿ ಜರ್ಮನ್ನರ ಆರನೇ ಸೇನೆ ಕೈಗೆ ಬಂದಾಗ ಅದಕ್ಕೆ ಮುಂಚೆ ಒಂದು ಡಿವಿಷನ್ (ಸೇನೆಗಿಂತ ಎಷ್ಟೋ ಚಿಕ್ಕ ಪಡೆ) ಕೂಡ ನಡೆಸಿರ್ಲಿಲ್ಲ. ನವೆಂಬರ್ 19ಕ್ಕೆ ಸೋವಿಯತ್ ದಾಳಿ ಶುರು, ನಾಲ್ಕೇ ದಿನಕ್ಕೆ ಪೌಲಸ್ ಕಡೆಯ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಬಲೆಯೊಳಗೆ. ವಿಮಾನದಲ್ಲೇ ಎಲ್ಲಾ ಸಪ್ಲೈ ಮಾಡ್ತೀನಿ ಅಂತ ಜರ್ಮನ್ ವಾಯುಪಡೆ ಮುಖ್ಯಸ್ಥ ಗೋರಿಂಗ್ ಬಡಾಯಿ ಬಿಟ್ಟ, ದಿನಕ್ಕೆ ಕಮ್ಮಿ ಅಂದ್ರೂ 300 ಟನ್ ಬೇಕಿತ್ತು, ಸರಾಸರಿ ಅದರ ಅರ್ಧವೂ ಬರ್ಲಿಲ್ಲ. ಡಿಸೆಂಬರಲ್ಲಿ ಬಿಡಿಸೋಕೆ ಬಂದ ಪಡೆ ಸುಮಾರು 50 ಕಿಲೋಮೀಟರ್ ಹತ್ರ ಬಂದು ನಿಂತಾಗ್ಲೂ ಈ ಮನುಷ್ಯ ಹಿಟ್ಲರ್ ಪರ್ಮಿಷನ್ನಿಗೆ ಕಾಯ್ತಾ ಕೂತ.

ನೀವು ಕೇಳ್ಬೇಕಾಗಿದ್ದು ಜನವರಿ 8ರ ಬಗ್ಗೆ. ಅವತ್ತು ರಷ್ಯನ್ನರು ಶರಣಾಗಿ, ಊಟ ಕೊಡ್ತೀವಿ, ಗಾಯ ಆದವ್ರಿಗೆ ಚಿಕಿತ್ಸೆ ಕೊಡ್ತೀವಿ ಅಂದ್ರು, ಇವ್ನು ಒಪ್ಪಲಿಲ್ಲ. 10ಕ್ಕೆ ದಾಳಿ ಶುರುವಾಯ್ತು, ವಿಮಾನ ಇಳಿಯೋ ಜಾಗಗಳೂ ಹೋದ್ವು, ಕೊನೆಗೆ ಸೆರೆ ಸಿಕ್ಕ ಸುಮಾರು 91,000 ಜನ ಆಗ್ಲೇ ಹಸಿವಲ್ಲಿ ಅರ್ಧ ಸತ್ತಿದ್ರು, ಊರಿಗೆ ವಾಪಸ್ ಬಂದೋರು ಐದಾರು ಸಾವಿರ ಅಷ್ಟೇ. ಪೌಲಸ್ ಪಡೆ ಹಿಡಿದು ನಿಂತಿದ್ರಿಂದ ಇನ್ನೂ ದಕ್ಷಿಣಕ್ಕೆ ಕಾಕಸಸ್‌ನಲ್ಲಿದ್ದ ಜರ್ಮನ್ ಪಡೆ ತಪ್ಪಿಸ್ಕೊಳ್ತು ಅನ್ನೋ ಸಮರ್ಥನೆ ಇದೆ, ಸ್ವಲ್ಪ ನಿಜಾನೂ ಹೌದು. ಪೌಲಸ್ ಏನೋ ಬದುಕಿದ, 1944ರಲ್ಲಿ ಮಾಸ್ಕೋ ರೇಡಿಯೋದಲ್ಲಿ ಹಿಟ್ಲರ್ ವಿರುದ್ಧ ಮಾತಾಡಿದ, ನ್ಯೂರೆಂಬರ್ಗಲ್ಲಿ ನಾಜಿ ನಾಯಕರ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ, 1957ರಲ್ಲಿ ಡ್ರೆಸ್ಡೆನ್‌ನಲ್ಲಿ ತೀರ್ಕೊಂಡ.

ಜನವರಿ 8ಕ್ಕೂ 31ಕ್ಕೂ ಮಧ್ಯದಲ್ಲಿ ಪೌಲಸ್ ಶರಣಾಗೋಕೆ ಹಿಟ್ಲರ್ ಹತ್ರ ಪರ್ಮಿಷನ್ ಕೇಳಿದ್ದ, ಸಿಗ್ಲಿಲ್ಲ. ಸರಿ, 31ಕ್ಕೆ ಸಿಕ್ಕಿತ್ತಾ? ಅವತ್ತೂ ಇರ್ಲಿಲ್ಲ. ಮತ್ತೆ 8ಕ್ಕೆ ಏನ್ ಅಡ್ಡಿ ಇತ್ತು? ಇನ್ನೂ ಒಂದಿದೆ, ಕೇಳಿ: ತಾನು ಸೆರೆಯಾದ್ಮೇಲೂ ನಗರದ ಉತ್ತರದಲ್ಲಿ ಉಳಿದಿದ್ದ ತನ್ನ ಪಡೆಗೆ ಬಂದೂಕು ಕೆಳಗಿಡಿ ಅಂತ ಆರ್ಡರ್ ಕೊಡೋಕೆ ಒಪ್ಪಲಿಲ್ಲ. ಅವ್ರು ಫೆಬ್ರವರಿ 2ರವರೆಗೂ ಹೋರಾಡ್ತಾನೇ ಇದ್ರು.